ಶಾಲಾ ಮಂಡಳಿಗೆ ಮತ: ಏಪ್ರಿಲ್‌ನಲ್ಲೋ, ನವೆಂಬರ್‌ನಲ್ಲೋ?

ನವೆಂಬರ್ ಚುನಾವಣೆಗೆ ಇನ್ನೂ ತಿಂಗಳಿರುವಾಗಲೇ ಕ್ಯಾಲಿಫೋರ್ನಿಯದ ಪ್ರತಿಯೊಬ್ಬ ನೋಂದಾಯಿತ ಮತದಾರನ ಮನೆಗೂ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬರುತ್ತದೆ. ಒಳಗೆ ಮಡಿಸಿಟ್ಟ ಮತಪತ್ರವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಪೆನ್ನು ಹಿಡಿದು ಗುರುತು ತುಂಬುತ್ತ ಹೋದರೆ ಮೊದಲು ಸಿಗುವುದು ರಾಷ್ಟ್ರಾಧ್ಯಕ್ಷರ ಸ್ಪರ್ಧೆ, ಬಳಿಕ ಸೆನೆಟ್, ಕಾಂಗ್ರೆಸ್, ರಾಜ್ಯದ ಶಾಸನಸಭೆ. ಅಲ್ಲಿಯವರೆಗೆ ಹೆಸರಿನ ಜೊತೆಗೆ ಪಕ್ಷವೂ ಅಚ್ಚಾಗಿರುತ್ತದೆ. ಅಭ್ಯರ್ಥಿ ಯಾರೆಂದು ತಿಳಿಯದಿದ್ದರೂ ಪಕ್ಷ ನೋಡಿ ಗುರುತು ಹಾಕಬಹುದು. ಆಮೇಲೆ ಎಲ್ಲೋ ನಡುವೆ ಶಾಲಾ ಮಂಡಳಿಯ ಸ್ಥಾನ ಎದುರಾಗುತ್ತದೆ. ಅಲ್ಲಿ ಪಕ್ಷವಿಲ್ಲ. ಹೆಸರಿನ ಕೆಳಗೆ, ಸಾಮಾನ್ಯವಾಗಿ ಮೂರು ಪದ ಮೀರದಂತೆ, ಅಭ್ಯರ್ಥಿಯ ಉದ್ಯೋಗ ಇರುತ್ತದೆ: ‘ನಿವೃತ್ತ ಶಿಕ್ಷಕಿ’, ‘ಇಂಜಿನಿಯರ್, ಪೋಷಕ’ ಎಂಬಂತೆ. ಅನೇಕರ ಪೆನ್ನು ಅಲ್ಲಿಗೆ ಬಂದಾಗ ನಿಲ್ಲುತ್ತದೆ, ಒಂದಿಷ್ಟು ಜನ ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ.

ಅಮೆರಿಕದಲ್ಲಿ ಕಳೆದ ಹದಿನೈದು ವರ್ಷಗಳಿಂದ ನಡೆದಿರುವ ಒಂದು ದೊಡ್ಡ ವಾದದ ಎಳೆಗಳೆಲ್ಲ ಈ ಖಾಲಿ ಜಾಗದ ಸುತ್ತಲೇ ಇವೆ. ಶಾಲಾ ಮಂಡಳಿಯ ಸದಸ್ಯರನ್ನು ಯಾವಾಗ ಆರಿಸಬೇಕು ಎಂಬುದು ಮೊದಲ ಪ್ರಶ್ನೆ. ಹೇಗೆ ಆರಿಸಬೇಕು, ಎಂದರೆ ವಾರ್ಡಿನಿಂದಲೋ ಇಡೀ ಊರಿನಿಂದಲೋ, ಪಕ್ಷದ ಹೆಸರಿನಲ್ಲೋ ಪಕ್ಷರಹಿತವಾಗಿಯೋ ಎಂಬುದು ಎರಡನೆಯದು. ಸುಧಾರಣೆಯ ಮಸೂದೆಗಳು ಇವೆರಡನ್ನೂ ಬೇರೆ ಬೇರೆಯಾಗಿಯೇ ಕೈಗೆತ್ತಿಕೊಳ್ಳುತ್ತ ಬಂದಿವೆ. ನನಗೆ ಕಾಣುವಂತೆ ಅವು ಬೇರೆ ಬೇರೆಯಲ್ಲ. ದಿನಾಂಕವನ್ನು ಸರಿಸಿದ ಕೂಡಲೇ ವಿಧಾನದ ಮೇಲೂ ಒತ್ತಡ ಬೀಳುತ್ತದೆ.

‘ಬೋರ್ಡ್’ ಎಂಬ ಪದ ನಮಗೆ ಹೊಸದೇನಲ್ಲ. ದಕ್ಷಿಣ ಕನ್ನಡದ ಹಿರಿಯರು ಮದ್ರಾಸ್ ಪ್ರಾಂತ್ಯದ ಕಾಲದ ಜಿಲ್ಲಾ ಬೋರ್ಡಿನ ಶಾಲೆಗಳನ್ನು ‘ಬೋರ್ಡ್ ಹೈಸ್ಕೂಲು’ ಎಂದೇ ಕರೆಯುತ್ತಿದ್ದರು. ಆದರೆ ಅಮೆರಿಕದ ಸ್ಕೂಲ್ ಬೋರ್ಡಿಗೆ ಇರುವ ಅಧಿಕಾರ ನಮ್ಮಲ್ಲಿ ಯಾವ ಸ್ಥಳೀಯ ಸಂಸ್ಥೆಗೂ ಇಲ್ಲ. ಆ ದೇಶದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಬಹುಪಾಲು ಜಿಲ್ಲೆಗಳಲ್ಲಿ ಐದರಿಂದ ಒಂಬತ್ತು ಸದಸ್ಯರ ಚುನಾಯಿತ ಮಂಡಳಿಯೇ ಶಾಲೆಗಳ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ, ಬಜೆಟ್ ಅಂಗೀಕರಿಸುತ್ತದೆ, ಶಿಕ್ಷಕರ ಸಂಘದೊಂದಿಗೆ ಸಂಬಳದ ಒಪ್ಪಂದ ಮಾಡಿಕೊಳ್ಳುತ್ತದೆ, ಯಾವ ಶಾಲೆ ಮುಚ್ಚಬೇಕೆಂದು ತೀರ್ಮಾನಿಸುತ್ತದೆ. ಶಾಲೆಗಳ ಆದಾಯದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಪಾಲು ಸ್ಥಳೀಯವಾಗಿಯೇ, ಮುಖ್ಯವಾಗಿ ಆಸ್ತಿ ತೆರಿಗೆಯಿಂದ ಬರುತ್ತದೆ. ನಮ್ಮ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಪೋಷಕರೇ ಹೆಚ್ಚಾಗಿರುವ ಸಂಸ್ಥೆಯಾದರೂ ತೆರಿಗೆ ಹಾಕುವಂತಿಲ್ಲ, ಶಿಕ್ಷಕರನ್ನು ಕಾಯಂ ನೇಮಿಸುವಂತಿಲ್ಲ. ಹಣ, ನೇಮಕ, ಪಠ್ಯದ ಆಯ್ಕೆ ಮೂರೂ ಒಂದೇ ಮೇಜಿನ ಮೇಲೆ ಇರುವ ಸಂಸ್ಥೆಗೆ ನೂರು ಮತದಾರರಲ್ಲಿ ಹತ್ತು ಮಂದಿ ಬಂದು ಪ್ರತಿನಿಧಿಗಳನ್ನು ಆರಿಸಿ ಹೋಗುತ್ತಾರೆ ಎಂಬುದೇ ಈ ವಾದದ ಬೇರು.

ಹತ್ತು ಮಂದಿ ಎಂಬುದು ಬಾಯಿಮಾತಿನ ಲೆಕ್ಕವಲ್ಲ. ಲಾಸ್ ಏಂಜಲಿಸ್‌ನಲ್ಲಿ 2015ರ ಮಾರ್ಚ್‌ನಲ್ಲಿ ನಡೆದ ನಗರ ಹಾಗೂ ಶಾಲಾ ಮಂಡಳಿ ಚುನಾವಣೆಯಲ್ಲಿ ಮತದಾನ ಶೇ 10ನ್ನೂ ಮುಟ್ಟಲಿಲ್ಲ. ಅದೇ ದಿನ ಮತದಾರರ ಮುಂದೆ ಇನ್ನೊಂದು ಪ್ರಶ್ನೆಯೂ ಇತ್ತು: ಮುಂದಿನ ಚುನಾವಣೆಗಳನ್ನು ಬೆಸ ವರ್ಷದ ವಸಂತದಿಂದ ಸಮ ವರ್ಷಗಳಿಗೆ, ಎಂದರೆ ರಾಜ್ಯ ಮತ್ತು ರಾಷ್ಟ್ರದ ಚುನಾವಣೆಗಳ ಜೊತೆಗೆ ಸೇರಿಸೋಣವೇ? ಬಂದಿದ್ದ ಆ ಸಣ್ಣ ಗುಂಪೇ ಭಾರಿ ಬಹುಮತದಿಂದ ಹೌದೆಂದಿತು. ಉಳಿದ ತೊಂಬತ್ತು ಮಂದಿಯನ್ನು ಮತಗಟ್ಟೆಗೆ ಕರೆತರುವ ನಿರ್ಣಯವನ್ನು ಹತ್ತು ಮಂದಿ ಮಾಡಿದರು. ಹೊಸ ವೇಳಾಪಟ್ಟಿಗೆ ಹೊಂದಿಸಲೆಂದು 2015 ಮತ್ತು 2017ರಲ್ಲಿ ಗೆದ್ದವರ ಅವಧಿಯನ್ನು ಒಂದು ಬಾರಿಗೆ ಐದೂವರೆ ವರ್ಷಕ್ಕೆ ಹಿಗ್ಗಿಸಲಾಯಿತು; ದಿನಾಂಕ ಬದಲಿಸುವಾಗ ಕುರ್ಚಿಯಲ್ಲಿ ಕೂತವರಿಗೆ ಸಿಗುವ ಈ ಉಡುಗೊರೆ ಬಹುತೇಕ ಎಲ್ಲ ಕಡೆ ಕಾಣುತ್ತದೆ. 2021ರಲ್ಲೇ ಅವಧಿ ಮುಗಿದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯದ್ದನ್ನು ನೋಡಿರುವ ಕರ್ನಾಟಕದವರಿಗೆ ದಿನಾಂಕದ ಹತೋಟಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಕ್ಕೂ ಶಾಲೆಯ ಚುನಾವಣೆ ಮಾರ್ಚ್, ಏಪ್ರಿಲ್, ಮೇ ತಿಂಗಳಿಗೆ ಹೋಗಿ ಕುಳಿತದ್ದು ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಗೆ ದೊಡ್ಡ ನಗರಗಳ ಶಾಲೆಗಳು ವಾರ್ಡ್ ಮಟ್ಟದ ರಾಜಕಾರಣಿಗಳ ಹಿಡಿತದಲ್ಲಿದ್ದವು. ಶಿಕ್ಷಕರ ನೇಮಕ, ಕಟ್ಟಡದ ಗುತ್ತಿಗೆ, ಜವಾನನ ಕೆಲಸ ಎಲ್ಲವೂ ಪಕ್ಷದ ಕಾರ್ಯಕರ್ತರಿಗೆ ಹಂಚುವ ಪ್ರಸಾದವಾಗಿದ್ದವು. ಅದನ್ನು ಮುರಿಯಲು ಹೊರಟ ಸುಧಾರಕರು ವಾರ್ಡ್ ಮಂಡಳಿಗಳನ್ನು ರದ್ದುಪಡಿಸಿದರು. ನ್ಯೂಯಾರ್ಕ್‌ನಲ್ಲಿ ಅದು 1896ರಲ್ಲಿ ಆಯಿತು. ಇಡೀ ಊರಿಗೆ ಒಂದೇ ಸಣ್ಣ ಮಂಡಳಿ, ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ, ಚುನಾವಣೆ ಬೇರೆ ದಿನ ಎಂಬ ಮೂರು ಬದಲಾವಣೆಗಳು ಒಂದೇ ಕಟ್ಟಾಗಿ ಬಂದವು ಎಂಬುದನ್ನು ಗಮನಿಸಬೇಕು. ಶಾಲೆಯ ವಿಚಾರವನ್ನು ಶಾಲೆಯ ಬಗ್ಗೆ ಕಾಳಜಿಯಿರುವವರೇ ತೀರ್ಮಾನಿಸಲಿ ಎಂಬ ಮಾತು ಮೇಲೆ ಕಾಣುವಂತೆ ಇತ್ತು. ವಲಸೆ ಬಂದ ಕಾರ್ಮಿಕರ ಮತ ಆ ದಿನ ಕಡಿಮೆ ಬೀಳುತ್ತದೆ ಎಂಬ ಅನುಕೂಲವೂ ಅದರ ಹಿಂದಿತ್ತು.

ಪಕ್ಷದ ಹಿಡಿತ ಸಡಿಲವಾದ ಜಾಗ ಖಾಲಿ ಉಳಿಯಲಿಲ್ಲ. ಜನ ಕಡಿಮೆ ಬರುವ ದಿನ ಯಾರಿಗೆ ಫಲಿತಾಂಶದಿಂದ ನೇರ ಲಾಭ ನಷ್ಟವಿದೆಯೋ ಅವರು ತಪ್ಪದೆ ಬರುತ್ತಾರೆ. ಶಿಕ್ಷಕರ ಸಂಘಕ್ಕೆ ಅದು ಸಂಬಳದ ಪ್ರಶ್ನೆ, ಮನೆ ಮಾಲೀಕರಾದ ಹಿರಿಯರಿಗೆ ತೆರಿಗೆಯ ಪ್ರಶ್ನೆ. ಎಂಟು ರಾಜ್ಯಗಳ ಶಾಲಾ ಜಿಲ್ಲೆಗಳನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಪ್ರತ್ಯೇಕ ದಿನ ಚುನಾವಣೆ ನಡೆಯುವ ಕಡೆ ಅನುಭವಿ ಶಿಕ್ಷಕರ ಸಂಬಳ ಬೇರೆಡೆಗಿಂತ ಶೇ 3ಕ್ಕೂ ಹೆಚ್ಚು ಮೇಲಿತ್ತು ಎಂದು ತೋರಿಸಿತು. ಸಂಬಳ ಹೆಚ್ಚಾಗಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಶಿಕ್ಷಕರ ಸಂಬಳ ಹೆಮ್ಮೆಪಡುವಷ್ಟೇನೂ ಇಲ್ಲ. ಕ್ಯಾಲೆಂಡರಿನ ಒಂದು ಸಾಲು ಸಂಬಳದ ಚೀಟಿಯವರೆಗೂ ಹೋಗಿ ಮುಟ್ಟುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ. ಕ್ಯಾಲಿಫೋರ್ನಿಯ, ಇಲಿನಾಯ್, ಒಹಾಯೊ, ಒಕ್ಲಹೋಮ ರಾಜ್ಯಗಳ ಮತದಾರರ ದಾಖಲೆಗಳನ್ನು ಆಧರಿಸಿದ 2021ರ ಇನ್ನೊಂದು ಅಧ್ಯಯನದ ಪ್ರಕಾರ, ಶಾಲಾ ಮಂಡಳಿಯ ಚುನಾವಣೆಯಲ್ಲಿ ಮತ ಹಾಕುವವರಲ್ಲಿ ಹೆಚ್ಚಿನವರಿಗೆ ಶಾಲೆಗೆ ಹೋಗುವ ಮಕ್ಕಳೇ ಇಲ್ಲ, ಮತ್ತು ಬಿಳಿಯರಲ್ಲದ ಮಕ್ಕಳೇ ಬಹುಸಂಖ್ಯಾತರಾಗಿರುವ ಶಾಲಾ ಜಿಲ್ಲೆಗಳಲ್ಲೂ ಮತದಾರರಲ್ಲಿ ಬಿಳಿಯರದೇ ಬಹುಮತ.

ಈ ಅಂತರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಈಸ್ಟ್ ರಾಮಪೋ ಶಾಲಾ ಜಿಲ್ಲೆಯನ್ನು ನೋಡಬೇಕು. ಅಲ್ಲಿ ಸಾರ್ವಜನಿಕ ಶಾಲೆಗಳಲ್ಲಿ ಓದುತ್ತಿದ್ದವರು ಸುಮಾರು 8,800 ಮಕ್ಕಳು, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಕಪ್ಪು ಅಥವಾ ಲ್ಯಾಟಿನೊ, ಎಂದರೆ ಲ್ಯಾಟಿನ್ ಅಮೆರಿಕ ಮೂಲದ, ಕುಟುಂಬದವರು. ಅದೇ ಜಿಲ್ಲೆಯ 29,000ದಷ್ಟು ಮಕ್ಕಳು ಖಾಸಗಿ ಶಾಲೆಗಳಿಗೆ, ಬಹುಮಟ್ಟಿಗೆ ಆರ್ಥಡಾಕ್ಸ್ ಯಹೂದಿ ಸಮುದಾಯದ ಧಾರ್ಮಿಕ ಶಾಲೆಗಳಾದ ಯೆಶಿವಾಗಳಿಗೆ ಹೋಗುತ್ತಿದ್ದರು. ಮಂಡಳಿಯ ಒಂಬತ್ತು ಸ್ಥಾನಗಳಿಗೂ ಇಡೀ ಜಿಲ್ಲೆ ಮೇ ತಿಂಗಳಲ್ಲಿ ಒಟ್ಟಾಗಿ ಮತ ಹಾಕುತ್ತಿತ್ತು. ಪರಿಣಾಮವಾಗಿ, ತಮ್ಮ ಮಕ್ಕಳನ್ನು ಆ ಶಾಲೆಗೆ ಕಳಿಸದವರ ಬಹುಮತವೇ ಆ ಶಾಲೆಗಳ ಬಜೆಟ್ ನಿರ್ಧರಿಸುವ ಮಂಡಳಿಯನ್ನು ವರ್ಷಗಳ ಕಾಲ ಆರಿಸಿತು. ಶಿಕ್ಷಕರ ಹುದ್ದೆಗಳು ಕಡಿತಗೊಂಡವು, ಸಂಗೀತ, ಕ್ರೀಡೆಯಂಥ ಚಟುವಟಿಕೆಗಳು ಸೊರಗಿದವು. ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಯಾರೂ ಕಳ್ಳಮತ ಹಾಕಿರಲಿಲ್ಲ, ತೆರಿಗೆ ಕಟ್ಟುವವರು ಮತ ಹಾಕುವುದು ಅವರ ಹಕ್ಕೇ. ದೋಷವಿದ್ದದ್ದು ಇಡೀ ಜಿಲ್ಲೆಯನ್ನು ಒಂದೇ ಕ್ಷೇತ್ರವಾಗಿಸಿದ್ದರಲ್ಲಿ. 2020ರಲ್ಲಿ ಫೆಡರಲ್ ನ್ಯಾಯಾಲಯವು ಈ ಪದ್ಧತಿ ಮತದಾನದಲ್ಲಿ ಜನಾಂಗೀಯ ತಾರತಮ್ಯವನ್ನು ತಡೆಯುವ ಮತದಾನ ಹಕ್ಕುಗಳ ಕಾಯ್ದೆಗೆ ವಿರುದ್ಧವೆಂದು ತೀರ್ಪಿತ್ತು, 2021ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, ಒಂಬತ್ತು ವಾರ್ಡ್‌ಗಳ ರಚನೆಯಾಯಿತು. ನೂರಿಪ್ಪತ್ತು ವರ್ಷಗಳ ಹಿಂದೆ ಭ್ರಷ್ಟತೆಯ ಮೂಲವೆಂದು ಕಿತ್ತುಹಾಕಿದ್ದ ವಾರ್ಡ್ ಹೀಗೆ ನ್ಯಾಯದ ಹೆಸರಿನಲ್ಲಿ ಮರಳಿ ಬಂದಿತು. ಕ್ಯಾಲಿಫೋರ್ನಿಯದಲ್ಲಿ ಇದೇ ಕೆಲಸವನ್ನು 2001ರ ರಾಜ್ಯ ಕಾಯ್ದೆ ಇನ್ನೂ ಸುಲಭವಾಗಿಸಿದ್ದು, ವಕೀಲರ ಒಂದು ನೋಟಿಸ್ ಬಂದ ಕೂಡಲೇ ಮೊಕದ್ದಮೆಯ ಖರ್ಚಿಗೆ ಹೆದರಿ ಅನೇಕ ಶಾಲಾ ಜಿಲ್ಲೆಗಳು ಕ್ಷೇತ್ರ ವಿಂಗಡಣೆಗೆ ಒಪ್ಪಿಕೊಂಡಿವೆ.

ದಿನಾಂಕದ ಮಾತಿಗೆ ಮರಳೋಣ. ನ್ಯೂಜೆರ್ಸಿ 2012ರ ಜನವರಿಯಲ್ಲಿ ಮಾಡಿದ ಕಾಯ್ದೆ ಬಹಳ ಜಾಣತನದ್ದು. ಅಲ್ಲಿ ಏಪ್ರಿಲ್‌ನಲ್ಲಿ ಸದಸ್ಯರ ಆಯ್ಕೆಯ ಜೊತೆಗೆ ಶಾಲೆಯ ಬಜೆಟ್ಟಿಗೂ ಜನ ಮತ ಹಾಕುತ್ತಿದ್ದರು, ಸಿಟ್ಟಿಗೆದ್ದ ತೆರಿಗೆದಾರರು ಅದನ್ನು ಸೋಲಿಸುತ್ತಲೂ ಇದ್ದರು. ಹೊಸ ಕಾಯ್ದೆ ಯಾರನ್ನೂ ಬಲವಂತ ಮಾಡಲಿಲ್ಲ. ಚುನಾವಣೆಯನ್ನು ನವೆಂಬರ್‌ಗೆ ಸರಿಸಿ, ತೆರಿಗೆಯ ಏರಿಕೆಯನ್ನು ಶೇ 2ರ ಮಿತಿಯೊಳಗೆ ಇಟ್ಟುಕೊಂಡರೆ ಬಜೆಟ್ಟನ್ನು ಜನರ ಮುಂದೆ ಇಡಬೇಕಿಲ್ಲ ಎಂದಿತು. ಮೊದಲ ವರ್ಷವೇ ಬಹುಪಾಲು ಜಿಲ್ಲೆಗಳು ಸರಿದವು. ಹೀಗೆ ಸದಸ್ಯರ ಆಯ್ಕೆಗೆ ಹೆಚ್ಚು ಮತದಾರರು ಬರುವಂತಾದರೂ ಬಜೆಟ್ಟಿನ ಮೇಲೆ ನೇರ ಮತ ಹಾಕುವ ಹಕ್ಕು ಸದ್ದಿಲ್ಲದೆ ಹೋಯಿತು. ಮತದಾನ ಹೆಚ್ಚಾದದ್ದನ್ನು ಮಾತ್ರ ಹೇಳುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ. ನೆವಾರ್ಕ್ ನಗರ ಹಳೆಯ ಏಪ್ರಿಲ್ ದಿನಾಂಕವನ್ನೇ ಹಿಡಿದುಕೊಂಡು ಬೇರೊಂದು ದಾರಿ ಹುಡುಕಿತು: 16 ಮತ್ತು 17 ವರ್ಷದವರಿಗೂ ಶಾಲಾ ಮಂಡಳಿಗೆ ಮತ ಹಾಕುವ ಹಕ್ಕು ಕೊಟ್ಟಿತು, 2025ರ ಏಪ್ರಿಲ್‌ನಲ್ಲಿ ಅವರು ಮೊದಲ ಬಾರಿ ಮತ ಹಾಕಿದರು.

ಕ್ಯಾಲಿಫೋರ್ನಿಯದ 2015ರ ಕಾಯ್ದೆಯಲ್ಲಿ ಹೀಗೆ ಒಲಿಸುವ ಮಾತಿಲ್ಲ, ಲೆಕ್ಕವಿದೆ. ಸ್ಥಳೀಯ ಚುನಾವಣೆಯ ಮತದಾನವು ಹಿಂದಿನ ನಾಲ್ಕು ರಾಜ್ಯವ್ಯಾಪಿ ಸಾರ್ವತ್ರಿಕ ಚುನಾವಣೆಗಳ ಸರಾಸರಿಗಿಂತ ಕನಿಷ್ಠ ಶೇ 25ರಷ್ಟು ಕಡಿಮೆ ಬಿದ್ದರೆ ಅಂಥ ಸಂಸ್ಥೆ ಪ್ರತ್ಯೇಕ ದಿನ ಚುನಾವಣೆ ನಡೆಸುವಂತಿಲ್ಲ. 2022ರ ನವೆಂಬರ್‌ನೊಳಗೆ ಎಲ್ಲರ ಜೊತೆ ಸೇರಲೇಬೇಕಿತ್ತು. ಲಾಸ್ ಏಂಜಲಿಸ್ ಕೌಂಟಿಯಲ್ಲಿ 2020ರ ನವೆಂಬರ್‌ನಲ್ಲಿ ಶೇ 76ರ ಸಮೀಪ ಮತದಾನವಾಯಿತು. ಅವರಲ್ಲಿ ಶಾಲೆಯ ಸ್ಥಾನವನ್ನು ಖಾಲಿ ಬಿಟ್ಟವರನ್ನು ಕಳೆದರೂ ಹಳೆಯ ಮಾರ್ಚ್‌ನೊಂದಿಗೆ ಹೋಲಿಕೆಯೇ ಇಲ್ಲ.

ಹಾಗಾದರೆ ಟೆಕ್ಸಾಸ್‌ನ ಅನೇಕ ಶಾಲಾ ಜಿಲ್ಲೆಗಳು ಇನ್ನೂ ಏಕೆ ಮೇ ತಿಂಗಳ ಮೊದಲ ಶನಿವಾರವನ್ನು ಬಿಟ್ಟಿಲ್ಲ, ನ್ಯೂಯಾರ್ಕ್ ರಾಜ್ಯದ ಬಹುಪಾಲು ಜಿಲ್ಲೆಗಳು ಏಕೆ ಮೇ ತಿಂಗಳ ಮೂರನೆಯ ಮಂಗಳವಾರಕ್ಕೇ ಅಂಟಿಕೊಂಡಿವೆ? ಅದಕ್ಕೆ ಬರೀ ಹಠ ಕಾರಣವಲ್ಲ. ರಾಷ್ಟ್ರಾಧ್ಯಕ್ಷರ ಚುನಾವಣೆಯ ಗದ್ದಲದಲ್ಲಿ ಶಾಲೆಯ ಬಸ್ಸಿನ ಮಾತು ಯಾರಿಗೆ ಕೇಳಿಸುತ್ತದೆ ಎಂಬ ಅವರ ಪ್ರಶ್ನೆ ನಿಜವಾದ ಪ್ರಶ್ನೆ. ‘ಒಂದು ದೇಶ ಒಂದು ಚುನಾವಣೆ’ಯ ಚರ್ಚೆಯಲ್ಲಿ ನಮ್ಮಲ್ಲಿ ಎದ್ದ ಆಕ್ಷೇಪವೂ ಇದೇ: ದೊಡ್ಡ ಮರದ ನೆರಳಿನಲ್ಲಿ ಸಣ್ಣ ಗಿಡ ಏಳುವುದಿಲ್ಲ. ಹೆಚ್ಚು ಮತದಾರರನ್ನು ಮುಟ್ಟಬೇಕಾದರೆ ಅಭ್ಯರ್ಥಿಗೆ ಹೆಚ್ಚು ಹಣವೂ ಬೇಕು. ಲಾಸ್ ಏಂಜಲಿಸ್‌ನ 2017ರ ಕೊನೆಯ ಬೆಸ ವರ್ಷದ ಚುನಾವಣೆಯಲ್ಲಿ, ಶಿಕ್ಷಕರ ಸಂಘ ಒಂದು ಕಡೆ, ಸರ್ಕಾರಿ ಹಣದಲ್ಲಿ ನಡೆದರೂ ಸ್ವತಂತ್ರ ಆಡಳಿತವಿರುವ ಚಾರ್ಟರ್ ಶಾಲೆಗಳ ಬೆಂಬಲಿಗರು ಇನ್ನೊಂದು ಕಡೆ ನಿಂತು ಒಟ್ಟು ಒಂದೂವರೆ ಕೋಟಿ ಡಾಲರ್‌ನಷ್ಟು ಸುರಿದಿದ್ದರು. ದಿನಾಂಕ ಬದಲಾದ ಮೇಲೂ ಆ ಹೊಳೆ ಬತ್ತಲಿಲ್ಲ.

ಇಲ್ಲೇ ಪಕ್ಷದ ಪ್ರಶ್ನೆ ಒಳಗೆ ಬರುತ್ತದೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಆದರೆ ಆಟೋ ಚಿಹ್ನೆಯವನು ಯಾರ ಕಡೆಯವನು, ತೆಂಗಿನಕಾಯಿ ಚಿಹ್ನೆಯವಳು ಯಾರ ಸೊಸೆ ಎಂಬುದು ಅರಳಿಕಟ್ಟೆಗೆಲ್ಲ ಗೊತ್ತಿರುತ್ತದೆ. ಪಕ್ಷರಹಿತ ಚುನಾವಣೆ ನಡೆಯುವುದೇ ಈ ಅರಳಿಕಟ್ಟೆಯ ಬಲದ ಮೇಲೆ. ಮತಪತ್ರದಲ್ಲಿ ಇಲ್ಲದ ಮಾಹಿತಿಯನ್ನು ಊರೇ ಒದಗಿಸುತ್ತದೆ. ಏಪ್ರಿಲ್‌ನಲ್ಲಿ ಮತ ಹಾಕಲು ಬರುತ್ತಿದ್ದ ಶೇ 10 ಮಂದಿಯೂ ಒಂದು ಬಗೆಯ ಅರಳಿಕಟ್ಟೆಯೇ ಆಗಿದ್ದರು. ಅವರು ಅಭ್ಯರ್ಥಿಗಳನ್ನು ಬಲ್ಲವರು, ಸಭೆಗೆ ಹೋದವರು, ಕೆಲವೊಮ್ಮೆ ಸ್ವಾರ್ಥಿಗಳಾದರೂ ತಿಳಿದೇ ಮತ ಹಾಕುತ್ತಿದ್ದವರು. ನವೆಂಬರ್‌ನಲ್ಲಿ ಬರುವ ಉಳಿದವರಿಗೆ ಆ ಕಟ್ಟೆಯಿಲ್ಲ. ಎರಡು ಲಕ್ಷ ಜನಸಂಖ್ಯೆಯ, ಭಾರತೀಯರು ದಂಡಿಯಾಗಿ ನೆಲೆಸಿರುವ ಟೆಕ್ಸಾಸ್‌ನ ಫ್ರಿಸ್ಕೋದಂಥ ಊರಿನಲ್ಲಿ ಹತ್ತು ಮನೆಯಾಚೆಯ ಅಭ್ಯರ್ಥಿಯ ಹೆಸರೂ ಗೊತ್ತಿರುವುದಿಲ್ಲ. ಮತಪತ್ರದ ಮೇಲೆ ಮೊದಲು ಯಾರ ಹೆಸರಿದೆ, ಯಾರ ಹೆಸರು ತಮ್ಮವರಂತೆ ಕೇಳಿಸುತ್ತದೆ ಎಂಬುದೇ ಆಗ ಆಧಾರವಾಗುತ್ತದೆ. ಹೀಗಿರುವಾಗ ‘ಪಕ್ಷದ ಹೆಸರನ್ನಾದರೂ ಬರೆಯಿರಿ, ಮತದಾರನಿಗೆ ಒಂದು ಸುಳಿವು ಸಿಗಲಿ’ ಎಂಬ ವಾದ ಹುಟ್ಟುವುದು ಸಹಜ.

ಹುಟ್ಟಿದೆ ಕೂಡ. ಕೋವಿಡ್ ಕಾಲದ ಮಾಸ್ಕ್ ಜಗಳ, ಆಮೇಲೆ ಗ್ರಂಥಾಲಯದ ಪುಸ್ತಕಗಳ ಮತ್ತು ಜನಾಂಗದ ಇತಿಹಾಸ ಬೋಧನೆಯ ಜಗಳಗಳು ಮಂಡಳಿಯ ಸಭೆಗಳನ್ನು ರಾಷ್ಟ್ರ ರಾಜಕಾರಣದ ಅಂಗಳಕ್ಕೆ ಎಳೆದು ತಂದವು. ಟೆನೆಸ್ಸಿ 2021ರಲ್ಲೇ ಪಕ್ಷಾಧಾರಿತ ಸ್ಪರ್ಧೆಗೆ ಬಾಗಿಲು ತೆರೆಯಿತು. ಫ್ಲಾರಿಡಾದಲ್ಲಿ 1998ರಲ್ಲಿ ತೆಗೆದುಹಾಕಿದ್ದ ಪಕ್ಷದ ಹೆಸರನ್ನು ಮರಳಿ ತರಲು 2024ರ ನವೆಂಬರ್‌ನಲ್ಲಿ ಜನಾಭಿಪ್ರಾಯ ಕೇಳಲಾಯಿತು. ಸುಮಾರು ಶೇ 55 ಮಂದಿ ಹೌದೆಂದರೂ ಸಂವಿಧಾನ ತಿದ್ದುಪಡಿಗೆ ಬೇಕಿದ್ದ ಶೇ 60 ಸಿಗದೆ ಪ್ರಸ್ತಾವ ಬಿದ್ದುಹೋಯಿತು. ಇಂಡಿಯಾನಾ 2025ರಲ್ಲಿ ನಡುದಾರಿಯ ಕಾಯ್ದೆ ಮಾಡಿತು: ಅಭ್ಯರ್ಥಿ ತನ್ನ ಹೆಸರಿನ ಜೊತೆ ರಿಪಬ್ಲಿಕನ್, ಡೆಮಾಕ್ರಟ್, ಸ್ವತಂತ್ರ ಎಂದು ಬರೆಸಬಹುದು, ಏನನ್ನೂ ಬರೆಸದೆಯೂ ಇರಬಹುದು. ಖಾಲಿ ಬಿಟ್ಟ ಆ ಜಾಗವನ್ನು ಮತದಾರರು ಪ್ರಾಮಾಣಿಕತೆ ಎಂದು ಓದುತ್ತಾರೋ, ಅಡಗಿಸಿಟ್ಟ ಪಕ್ಷ ಎಂದು ಓದುತ್ತಾರೋ?

ಪಕ್ಷದ ಹೆಸರು ಸುಳಿವು ನಿಜ, ಆದರೆ ತಪ್ಪು ಸುಳಿವು ಎಂಬುದು ನನ್ನ ನಿಲುವು. ವಲಸೆ ನೀತಿ, ಗರ್ಭಪಾತ, ಗನ್ ಕಾನೂನು ಇವುಗಳ ಮೇಲೆ ಒಬ್ಬರ ನಿಲುವನ್ನು ಪಕ್ಷ ಹೇಳಬಲ್ಲದು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಜಿಲ್ಲೆಯಲ್ಲಿ ಎರಡು ಶಾಲೆಗಳಲ್ಲಿ ಯಾವುದನ್ನು ಮುಚ್ಚಬೇಕು ಎಂಬುದನ್ನು ಅದು ಹೇಳಲಾರದು. ಅದಕ್ಕಿಂತ ಕ್ಯಾಲಿಫೋರ್ನಿಯದ ಆ ಮೂರು ಪದಗಳ ಉದ್ಯೋಗದ ಸಾಲೇ ಮೇಲು. ಅಭ್ಯರ್ಥಿಯ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಿದ್ದಾರೆ, ಕಳೆದ ಅವಧಿಯಲ್ಲಿ ಎಷ್ಟು ಸಭೆಗಳಿಗೆ ಹಾಜರಾಗಿದ್ದರು ಎಂಬಂಥ ಇನ್ನೆರಡು ಸಾಲುಗಳನ್ನು ಅದಕ್ಕೆ ಸೇರಿಸುವ ಬಗ್ಗೆ ಯೋಚಿಸಬಹುದು.

ದಿನಾಂಕ ಬದಲಿಸಿದರೂ ಬಗೆಹರಿಯದ ಇನ್ನೊಂದು ಸಂಗತಿ, ಮತ ಹಾಕುವ ಹಕ್ಕೇ ಇಲ್ಲದ ಪೋಷಕರು. ಎಚ್-1ಬಿ ವೀಸಾದಲ್ಲೋ ಗ್ರೀನ್ ಕಾರ್ಡ್ ಸರದಿಯಲ್ಲೋ ವರ್ಷಗಳನ್ನು ಕಳೆಯುವ ಕನ್ನಡಿಗ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಮನೆ ಕೊಳ್ಳುವಾಗ ಶಾಲಾ ಜಿಲ್ಲೆಯ ರೇಟಿಂಗ್ ನೋಡಿ ಕೊಳ್ಳುತ್ತಾರೆ, ಆಸ್ತಿ ತೆರಿಗೆ ಕಟ್ಟುತ್ತಾರೆ, ಮಂಡಳಿಯ ಸಭೆಯಲ್ಲಿ ಮೈಕಿನ ಮುಂದೆ ನಿಂತು ತಮಗೆ ಸಿಗುವ ಎರಡು ಮೂರು ನಿಮಿಷ ಮಾತಾಡಲೂಬಹುದು. ಮತ ಮಾತ್ರ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಇದಕ್ಕೆ ಅಪವಾದ. ಅಲ್ಲಿನ ಮತದಾರರು 2016ರಲ್ಲಿ ಒಪ್ಪಿದ ಪ್ರಸ್ತಾವದಿಂದಾಗಿ ಪೌರತ್ವವಿಲ್ಲದ ಪೋಷಕರೂ ಶಾಲಾ ಮಂಡಳಿಗೆ ಮತ ಹಾಕಬಹುದು; 2022ರಲ್ಲಿ ಕೆಳ ನ್ಯಾಯಾಲಯ ತಡೆದರೂ 2023ರಲ್ಲಿ ಮೇಲ್ಮನವಿಯಲ್ಲಿ ಆ ಹಕ್ಕು ಉಳಿಯಿತು. ನ್ಯೂಯಾರ್ಕ್ ನಗರದಲ್ಲಿ ಇದು ಹಿಂದೆಯೇ ಇತ್ತು: 1969ರ ಕಾಯ್ದೆಯಡಿ ರಚನೆಯಾದ ಬಡಾವಣೆ ಮಟ್ಟದ ಶಾಲಾ ಮಂಡಳಿಗಳಿಗೆ ಪೌರತ್ವವಿಲ್ಲದ ಪೋಷಕರೂ ಮತ ಹಾಕುತ್ತಿದ್ದರು, ಆಯ್ಕೆ ಪ್ರಾಶಸ್ತ್ಯದ ಮತಗಳಿಂದ ನಡೆಯುತ್ತಿತ್ತು. ವಿಧಾನ ಅಷ್ಟು ಉದಾರವಾಗಿದ್ದರೂ ದಿನ ಮೇ ತಿಂಗಳ ಪ್ರತ್ಯೇಕ ದಿನ. ಮತದಾನ ಕುಸಿಯುತ್ತ ಹೋಗಿ, 2002ರಲ್ಲಿ ಆ ಮಂಡಳಿಗಳ ರದ್ದತಿಗೆ ಶಾಸನವಾಗಿ ಶಾಲೆಗಳು ಮೇಯರ್ ಕೈಸೇರಿದವು.

ಶಿಕಾಗೊ ಈಗ ಅದರ ವಿರುದ್ಧ ದಿಕ್ಕಿನಲ್ಲಿ ಹೊರಟಿದೆ. 1995ರಿಂದ ಮೇಯರ್ ನೇಮಿಸುತ್ತಿದ್ದ ಮಂಡಳಿಯ ಜಾಗದಲ್ಲಿ 21 ಸದಸ್ಯರ ಚುನಾಯಿತ ಮಂಡಳಿಯನ್ನು ತರುವ ಕಾಯ್ದೆ 2021ರಲ್ಲಿ ಆಯಿತು. ಕ್ಷೇತ್ರಗಳ ಗೆರೆ ಎಳೆಯುವಾಗಲೇ ಜಗಳ ಎದ್ದಿತು: ನಗರದ ಜನಸಂಖ್ಯೆಯಲ್ಲಿ ಬಿಳಿಯ, ಕಪ್ಪು, ಲ್ಯಾಟಿನೊ ಮೂವರೂ ಸುಮಾರು ಮೂರನೇ ಒಂದು ಪಾಲು, ಶಾಲೆಯ ಮಕ್ಕಳಲ್ಲಿ ಲ್ಯಾಟಿನೊಗಳೇ ಅರ್ಧದ ಸಮೀಪ, ಬಿಳಿಯರು ಹತ್ತರಲ್ಲಿ ಒಂದು. ಪ್ರಾತಿನಿಧ್ಯ ನಿವಾಸಿಗಳದೋ ಮಕ್ಕಳದೋ? 2024ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ತಿಂಗಳಿರುವಾಗ, ಅಲ್ಲಿದ್ದ ಏಳೂ ಸದಸ್ಯರು ಒಟ್ಟಿಗೆ ರಾಜೀನಾಮೆ ಪ್ರಕಟಿಸಿದರು. ನವೆಂಬರ್‌ನಲ್ಲಿ ಹತ್ತು ಮಂದಿ ಆರಿಸಿಬಂದರು, ಶಿಕ್ಷಕರ ಸಂಘದ ಬೆಂಬಲ ಪಡೆದವರು ಅವರಲ್ಲಿ ನಾಲ್ವರು ಮಾತ್ರ. ಉಳಿದ ಹನ್ನೊಂದು ಮಂದಿಯನ್ನು ಮೇಯರ್ ಬ್ರಾಂಡನ್ ಜಾನ್ಸನ್ ನೇಮಿಸಿದರು. ಶಾಲಾ ಮಂಡಳಿಗೆ ರಾಷ್ಟ್ರದ ಚುನಾವಣೆಯ ದಿನವನ್ನೇ ಗೊತ್ತುಮಾಡಿದ ಈ ನಗರ ತನ್ನ ಮೇಯರನ್ನು ಮಾತ್ರ ಇಂದಿಗೂ ಬೆಸ ವರ್ಷದ ಫೆಬ್ರುವರಿಯ ಚಳಿಯಲ್ಲಿ ಆರಿಸುತ್ತದೆ.

ಅರೆನೇಮಕದ ಈ ಏರ್ಪಾಡಿಗೆ ಕಾಯ್ದೆ ಹಾಕಿಕೊಟ್ಟಿರುವ ಗಡುವು 2026ರ ನವೆಂಬರ್ 3ರ ಚುನಾವಣೆ. ಅದರಂತೆ 20 ಕ್ಷೇತ್ರಗಳಿಂದ ಒಬ್ಬೊಬ್ಬರು, ಇಡೀ ನಗರದಿಂದ ಒಬ್ಬ ಅಧ್ಯಕ್ಷರು ಆಯ್ಕೆಯಾಗಬೇಕು. ಶಿಕಾಗೊದ ಮತದಾರ ಮತಪತ್ರದಲ್ಲಿ ಶಾಲೆಗಾಗಿ ಎರಡು ಗುರುತು ಹಾಕಬೇಕು, ಎರಡರಲ್ಲೂ ಪಕ್ಷದ ಹೆಸರಿಲ್ಲ. ಪಕ್ಕದ ಇಂಡಿಯಾನಾದ ಹೊಸ ಮತಪತ್ರದ ಮೊದಲ ಪರೀಕ್ಷೆಯೂ ಅದೇ ಮಂಗಳವಾರ.